ಮಡಕೆಯಾದವರ ಬೆಟ್ಟ

ಬೆಟ್ಟಗಳಿಗೆ ಇನ್ನೂ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ ಹೊನ್ನಗಿರಿ ಎಂಬ ರಾಜ್ಯವಿತ್ತು. ಅಲ್ಲೊಂದು ಬೆಟ್ಟ, ಬೆಟ್ಟದ ನೆತ್ತಿಯಲ್ಲೊಂದು ಒರತೆ. ಅದರ ಒಂದು ಬೊಗಸೆ ನೀರು ಕುಡಿದವರಿಗೆ ಸಾವಿನ ಭಯ ಹೋಗುತ್ತಿತ್ತು. ಜಂಗಮರು, ಫಕೀರರು, ಬಸದಿಯ ಸನ್ಯಾಸಿನಿಯರಾದ ಕಂತಿಯರು ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದು ಹತ್ತುತ್ತಿದ್ದರು. ಕರೆಯುವ ದೇವರ ಹೆಸರು ಬೇರೆ ಬೇರೆ, ಏದುಸಿರು ಮಾತ್ರ ಒಂದೇ.

ಅಲ್ಲಿಗೆ ಧೂಮಲನೆಂಬ ಮಾಂತ್ರಿಕ ಬಂದು ವಕ್ಕರಿಸಿದ. ಬೆಟ್ಟದ ಬುಡದಲ್ಲಿ ಗದ್ದುಗೆ ಹಾಕಿಕೊಂಡು, "ಇನ್ನು ಒಬ್ಬೊಬ್ಬರೇ ಹತ್ತಬೇಕು. ಇನ್ನೊಬ್ಬರ ನೆರಳು ಬಿದ್ದರೆ ಸಾಧನೆ ಮೈಲಿಗೆ" ಎಂದು ಸಾರಿದ. ರಾಜ ತಲೆಯಾಡಿಸಿದ. ರಾಜರಿಗೆ ಅದೊಂದು ಚೆನ್ನಾಗಿ ಬರುತ್ತದೆ. ಅಂದಿನಿಂದ ಹತ್ತಿದವರು ಇಳಿಯಲಿಲ್ಲ. ದಾರಿಯಲ್ಲೇ ನಿಂತು, ಮೈ ಮಣ್ಣಾಗಿ, ಮಡಕೆಗಳಾದರು. ಧೂಮಲ ಆ ಮಡಕೆಗಳನ್ನು ಅಂಗಳದಲ್ಲಿ ಜೋಡಿಸಿಟ್ಟು, ದಿನಕ್ಕಿಷ್ಟು ಅವುಗಳ ಉಸಿರು ಹೀರಿ ಮುನ್ನೂರು ವರ್ಷ ಬದುಕಿದ್ದ. ಉಸಿರು ತೀರಿದ ಮಡಕೆ ಪುಡಿಯಾಗುತ್ತಿತ್ತು.

ಕುಂಬಾರರ ಕೆಂಚವ್ವನ ಅಪ್ಪ ತಿಮ್ಮಶೆಟ್ಟಿ ಹೋದ ತಿಂಗಳು ಹತ್ತಿದ್ದ. ಅವನನ್ನು ಹುಡುಕಿಕೊಂಡು ಅವಳು ಆ ಅಂಗಳಕ್ಕೆ ಬಂದಳು. ಅಪ್ಪನ ಎಡಗಿವಿಯ ತುದಿ ಮುಕ್ಕಾಗಿತ್ತು. ಒಂದು ಮಡಕೆಯ ಕಂಠದಲ್ಲೂ ಅದೇ ಆಕಾರದ ಮುಕ್ಕಿತ್ತು. ಕಿವಿಯಿಟ್ಟು ಕೇಳಿದರೆ ಒಳಗೆ ಉಸಿರು ಸಣ್ಣಗೆ ಎಳೆಯುತ್ತಿತ್ತು.

"ನಮ್ಮಪ್ಪನ್ನ ಏನ್ ಮಾಡ್ದೆ?" ಎಂದಳು.

"ನಾನೇನು ಮಾಡಿದೆ ತಾಯಿ? ನಿನ್ನಪ್ಪನ ಮನಸ್ಸು ಕೊಳಕು, ಅದಕ್ಕೇ ಮಣ್ಣಾದ. ನಾಳೆ ಸಂಜೆಯವರೆಗೆ ಉಸಿರಿದೆ. ಒರತೆಯ ಒಂದು ಹನಿ ಬಿದ್ದರೆ ಎದ್ದಾನು. ಬೇಕಿದ್ದರೆ ಹತ್ತು, ಒಬ್ಬಳೇ" ಎಂದ ಧೂಮಲ.

ಕೇಳಿದಿರಾ ಮಾತು? ದಾರಿ ತಪ್ಪಿಸಿದವನು ಗದ್ದುಗೆಯ ಮೇಲೆ, ತಪ್ಪೆಲ್ಲ ಬಿದ್ದವನ ತಲೆಯ ಮೇಲೆ! ಹಸಿಮಣ್ಣಿಗೆ ನಮಸ್ಕಾರ ಮಾಡದೆ ತಿಗರಿ ತಿರುಗಿಸದ ಮನುಷ್ಯನ ಮನಸ್ಸು ಕೊಳಕಂತೆ! ಕೆಂಚವ್ವನ ಮೈಯೆಲ್ಲ ಉರಿದುಹೋಯಿತು. ಸೊಂಟಕ್ಕೊಂದು ಕುಡಿಕೆ ಕಟ್ಟಿಕೊಂಡು ಬೆಳಗಾಗುತ್ತಲೇ ಹೊರಟಳು.

ಬೆಟ್ಟದ ದಾರಿಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಒಂದು ಕರಡಿ. ಅದರ ಮಡಿಲಲ್ಲಿ ದಸ್ತಗೀರನೆಂಬ ಮುದಿ ಫಕೀರ ಸೊಂಟದವರೆಗೆ ಮಣ್ಣಾಗಿ ಮಲಗಿದ್ದ. "ಇವತ್ತೇ ಯಾಕೆ? ನಾಳೆ ಹತ್ತಿದರಾಯಿತು" ಎಂದು ಕರಡಿ ಅವನ ತಲೆ ಸವರುತ್ತಿತ್ತು. ಕೆಂಚವ್ವನನ್ನೂ ಕರೆಯಿತು. ಮೈ ಉರಿಯುವವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಅವಳಿಗೆ ಮನೆಯ ಪದ್ಧತಿ ನೆನಪಾಯಿತು. ಆವಿಗೆಯ ಬೆಂಕಿಯಲ್ಲಿ ಸುಟ್ಟು ತೆಗೆದ ಮಡಕೆಯನ್ನು ಮಾಡಿದವರೇ ಬಡಿದು ನೋಡುವಂತಿಲ್ಲ. ತನ್ನ ಮಡಕೆಯ ಬಿರುಕು ತನ್ನ ಕಿವಿಗೆ ಕೇಳುವುದಿಲ್ಲ. ಅಪ್ಪನದನ್ನು ಮಗಳು, ಮಗಳದನ್ನು ಅಪ್ಪ ಬಡಿಯಬೇಕು. ಅವಳು ಬೆರಳ ಗೆಣ್ಣಿನಿಂದ ಫಕೀರನ ಎದೆಗೆ ಬಡಿದು ಕಿವಿಗೊಟ್ಟಳು.

"ಸಾಬ್ ತಾತ, ಸುಸ್ತು ನಿನ್ ಕಾಲಿಗೆ ಆಗಿಲ್ಲ. 'ನಾಳೆ' ಅನ್ನೋ ಕಡೆ ಬಿರುಕು ಬಿಟ್ಟದೆ."

ಫಕೀರ ಕಣ್ಣುಬಿಟ್ಟ. ಮಣ್ಣು ಉದುರಿತು. ಕರಡಿ ಕೈಯಗಲದ ಮರಿಯಾಗಿ ಅವನ ಜೋಳಿಗೆ ಸೇರಿತು.

ಎರಡನೆಯ ಬಾಗಿಲಲ್ಲಿ ಒಂದು ನವಿಲು. ಅದರ ಮುಂದೆ ಶಾಂತಿಮತಿಯೆಂಬ ಕಂತಿ ಎದೆಯವರೆಗೆ ಮಣ್ಣಾಗಿ ನಿಂತಿದ್ದಳು. "ನಿನ್ನಷ್ಟು ಉಪವಾಸ ಮಾಡಿದವರು ಯಾರಿದ್ದಾರೆ?" ಎಂದು ನವಿಲು ಗರಿ ಬಿಚ್ಚುತ್ತಿತ್ತು. ಕೆಂಚವ್ವ ಬಡಿದಳು, ಕಿವಿಗೊಟ್ಟಳು.

"ಅಮ್ಮಾ, ಹೊಟ್ಟೆ ಖಾಲಿ ಇಟ್ಕೊಂಡು ಹೊಗಳಿಕೆ ತುಂಬ್ಕೊಂಡಿದೀರ."

ಕಂತಿಯ ಕಣ್ಣಲ್ಲಿ ನೀರು ಬಂತು. ಮಣ್ಣು ಉದುರಿತು. ನವಿಲು ಮರಿಯಾಗಿ ಅವಳ ಸೆರಗು ಸೇರಿತು.

ಮೂವರೂ ಹತ್ತಿದರು. ಕೆಂಚವ್ವನ ಬೆನ್ನ ಹಿಂದೆ ಮೊದಲಿನಿಂದಲೂ ಯಾವುದೋ ಹೆಜ್ಜೆಯ ಸಪ್ಪಳವಿತ್ತು. ಮೂರನೆಯ ಬಾಗಿಲು ಖಾಲಿಯಿತ್ತು. ಅವಳು ತಿರುಗಿದಳು. ಹಿಂದೆ ಹುಲಿ ನಿಂತಿತ್ತು, ಆನೆಯಷ್ಟು ಎತ್ತರ.

"ಇವರಿಬ್ಬರೂ ಒಡಕಲು ಮಡಕೆಗಳು. ಇವರಂಥ ಹೇಡಿಗಳು ಬಾಯಿ ಮುಚ್ಚಿಕೊಂಡಿದ್ದರಿಂದಲೇ ನಿನ್ನಪ್ಪ ಮಣ್ಣಾದ. ಬೆಟ್ಟ ಸುಡು, ಊರು ಸುಡು, ಎಲ್ಲ ಸುಡು" ಎಂದಿತು.

ಅವಳಿಗೆ ಹೌದೆನ್ನಿಸಿತು. ಅಷ್ಟರಲ್ಲಿ ಕಾಲು ಮಣ್ಣಾಯಿತು, ಸೊಂಟ ಮಣ್ಣಾಯಿತು. ಫಕೀರ ಒಂದು ಕಡೆ, ಕಂತಿ ಒಂದು ಕಡೆ ನಿಂತು ಬೆರಳ ಗೆಣ್ಣಿನಿಂದ ಅವಳನ್ನು ಬಡಿದು ನೋಡಿದರು.

"ಮುಟ್ಬೇಡಿ!" ಎಂದು ಕೆಂಚವ್ವ ಚೀರಿದಳು. "ನನ್ ಸಿಟ್ಟು ಸುಳ್ಳಾ? ನಮ್ಮಪ್ಪ ಅಲ್ಲಿ ಉಸಿರಿಗೆ ಒದ್ದಾಡ್ತಾವ್ನೆ!"

"ಸಿಟ್ಟು ನಿಜ ಮಗಳೇ," ಎಂದ ಫಕೀರ. "ಅಂಥಾದ್ದು ಕಂಡೂ ಸಿಟ್ಟು ಬಾರದವನು ಮನುಷ್ಯನೇ ಅಲ್ಲ."

"ನೀನು ಕುಂಬಾರಳು. ಬೆಂಕಿ ಆವಿಗೆಯೊಳಗಿದ್ದರೆ ಏನಾಗುತ್ತೆ, ಹೊರಗೆ ಬಂದರೆ ಏನಾಗುತ್ತೆ, ನೀನೇ ಹೇಳು" ಎಂದಳು ಕಂತಿ.

ಕೆಂಚವ್ವ ಮಣ್ಣಾದ ತನ್ನ ಸೊಂಟ ನೋಡಿಕೊಂಡಳು. "ಒಳಗಿದ್ರೆ ಮಡಕೆ ಬೇಯ್ತದೆ. ಹೊರಗ್ ಬಂದ್ರೆ ಗುಡಿಸ್ಲು ಹೋಯ್ತದೆ" ಎಂದಳು. ಮಣ್ಣು ಉದುರಿತು. ಹುಲಿ ಬೆಕ್ಕಿನಷ್ಟಾಯಿತು. ಆದರೆ ಅದರ ಕಣ್ಣು ಮಾತ್ರ ಹುಲಿಯದೇ. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಇಬ್ಬರ ಜೊತೆ ನೆತ್ತಿಗೆ ಹತ್ತಿ, ಕುಡಿಕೆಯಲ್ಲಿ ಒರತೆಯ ನೀರು ತುಂಬಿಕೊಂಡು ಇಳಿದಳು.

ಅಂಗಳದಲ್ಲಿ ಸಂಜೆ ಬಿಸಿಲು ಕೆಂಪಗಾಗಿತ್ತು. ಧೂಮಲ ಅಪ್ಪನ ಮಡಕೆಗೆ ಬಾಯಿ ಹಚ್ಚುತ್ತಿದ್ದ. ಮೂವರು ಒಟ್ಟಿಗೆ ಬಂದದ್ದು ಕಂಡು, "ಮೈಲಿಗೆ! ಮೈಲಿಗೆ!" ಎಂದು ಕೂಗಿದ.

"ನೀನೂ ಎಲ್ಲರಂಗೆ ಮಣ್ಣೇ ಅಲ್ವಾ? ನಿನ್ನನ್ನ ಯಾರಾದ್ರೂ ಬಡಿದು ನೋಡಿದಾರಾ?" ಎಂದಳು ಕೆಂಚವ್ವ.

"ನನ್ನನ್ನು ಯಾರೂ ಮುಟ್ಟುವಂತಿಲ್ಲ!"

ಅವಳು ಕೈ ಎತ್ತಿದಳು. ಕಂಕುಳಲ್ಲಿ ಹುಲಿ ಗುರ್ರೆಂದಿತು. ಅವಳು ಹೊಡೆಯಲಿಲ್ಲ. ಬೆರಳ ಗೆಣ್ಣಿನಿಂದ ಅವನ ಎದೆಗೆ ಒಂದೇ ಒಂದು ಸಲ ಬಡಿದಳು. ಮುನ್ನೂರು ವರ್ಷ ಯಾರೂ ಬಡಿಯದ ಎದೆ. ಬೊದ್ದೆಂದಿತು, ಮೇಲಿಂದ ಕೆಳಗೆ ಸೀಳಿತು, ಚೂರುಚೂರಾಗಿ ಅಂಗಳದಲ್ಲಿ ಬಿತ್ತು. ಒಳಗೆ ಏನೂ ಇರಲಿಲ್ಲ.

ಮಡಕೆಗೊಂದು ಹನಿಯಂತೆ ನೀರು ಬಿದ್ದಿತು. ಜಂಗಮರು, ಫಕೀರರು, ಕಂತಿಯರು ಮೈ ಮುರಿದುಕೊಂಡು ಎದ್ದರು. ಅಂದಿನಿಂದ ಆ ಬೆಟ್ಟವನ್ನು ಯಾರೂ ಒಬ್ಬರೇ ಹತ್ತಲಿಲ್ಲ. ಈಗಿನ ರಾಜ ಅದಕ್ಕೂ ತಲೆಯಾಡಿಸಿದ, ಇರಲಿ ಬಿಡಿ. ಹೊನ್ನಗಿರಿಯಲ್ಲಿ ಒಲೆಗಳು ಉರಿದವು, ತಿಗರಿಗಳು ತಿರುಗಿದವು, ಜನ ನಕ್ಕೊಂಡು ಬಾಳಿದರು.

ಆ ಸಂಜೆ ಅಂಗಳದಲ್ಲಿ ಎಲ್ಲರಿಗಿಂತ ಕೊನೆಗೆ ಎದ್ದವನು ತಿಮ್ಮಶೆಟ್ಟಿ. ಮಗಳನ್ನು ನೋಡಿದ, ಅವಳ ಕಂಕುಳಲ್ಲಿದ್ದ ಹುಲಿಮರಿಯನ್ನು ನೋಡಿದ. ಬೆರಳು ಮಡಿಸಿ ಮಗಳ ಹಣೆಗೆ ಮೆಲ್ಲಗೆ ಬಡಿದು ಕಿವಿಗೊಟ್ಟ.

"ಚೆನ್ನಾಗಿ ಬೆಂದೈತೆ ಕಣವ್ವ" ಎಂದ.