ಬೆಂಚು ಮುರಿಯುವ ಮುನ್ನ

“ಕೊಡಲಿ ಇಳಿಸ್ರೀ!”

ಬಾಣಾವರದ ಆ ತೆಂಗಿನಕಾಯಿ ಅಂಗಡಿಯ ಮುಂದೆ ಆಟೋದಿಂದ ಇಳಿಯುತ್ತಲೇ ಸಿರಿ ಕೂಗಿದಳು. ಆದರೆ ಮೊದಲ ಏಟು ಆಗಲೇ ಬಿದ್ದಿತ್ತು. ಹಳೆಯ ಬೆಂಚಿನ ಒಂದು ಕಾಲು ಸೀಳಿತ್ತು.

ಇಂದ್ರೇಶ್ ಬೆಚ್ಚಿ ತಿರುಗಿದ. ಹೋದ ತಿಂಗಳು ಹೆಣ್ಣು ನೋಡಲು ಬಂದು, ಕಾಫಿ ಲೋಟ ಹಿಡಿದು ನಾಚಿದ್ದ ಅದೇ ಮುಖ! ಈಗೆಷ್ಟು ಬಾಡಿದೆ...

“ನೀವು... ಇಲ್ಲಿ?”

“ಜಾತಕ ಕೂಡಿಬರಲಿಲ್ಲ ಅಂತ ಹೇಳಿಕಳಿಸಿದ್ರಲ್ಲ. ನಿಮಗೆ ಜಾತಕವನ್ನೇ ಬರೆಸಿಲ್ಲ ಅಂತ ಅವತ್ತು ನಿಮ್ಮಮ್ಮನೇ ನಕ್ಕೊಂಡು ಹೇಳಿದ್ರು!”

ಅವನು ತಲೆ ತಗ್ಗಿಸಿದ.

“ನಾನು ಹಳೇಬೀಡಲ್ಲಿ ಇಟಲಿಯವರ ಜೊತೆ ಓಡಾಡೋ ಗೈಡು. ಅದು ಹಿಡಿಸಲಿಲ್ಲ ಅಂತ ನೇರವಾಗೇ ಹೇಳಬಹುದಿತ್ತು.”

ಅಳಬಾರದು... ಇವನ ಮುಂದೆ ಅಳಲೇಬಾರದು!

“ಅಯ್ಯೋ, ಅದಲ್ಲ ಸಿರಿ! ವ್ಯಾಪಾರ ಪೂರ್ತಿ ಮುಳುಗಿಹೋಯ್ತು. ಅಂಗಡಿ ಮುಚ್ಚಿದೀನಿ. ಇದು ನಮ್ಮ ತಾತ ಕೂತು ಕಾಯಿ ಕೊಳ್ತಿದ್ದ ಬೆಂಚು. ನೋಡಿದಾಗೆಲ್ಲ ಚುಚ್ಚುತ್ತೆ... ಇಂಥ ಹೊತ್ತಲ್ಲಿ ನಿಮ್ಮನ್ನ ಕರ್ಕೊಂಡು ಬಂದು ಏನು ಮಾಡ್ಲಿ?”

ಇಷ್ಟೇನಾ! ಸಿರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಇಟಲಿಯವರು ದಿವಾಳಿಗೆ ಏನಂತಾರೆ ಗೊತ್ತಾ? ‘ಬಂಕಾರೋತ್ತಾ.’ ಮುರಿದ ಬೆಂಚು ಅಂತ. ಹಿಂದೆ ಹಣದ ವ್ಯಾಪಾರಿ ಪೇಟೆಯಲ್ಲಿ ಬೆಂಚು ಹಾಕ್ಕೊಂಡು ಕೂರ್ತಿದ್ದನಂತೆ. ಸೋತರೆ ಜನ ಬಂದು ಅದನ್ನ ಮುರೀತಿದ್ರಂತೆ.”

“ಸರಿಯಾಗೇ ಇದೆಯಲ್ಲ...”

“ಏನು ಸರಿ? ಅಲ್ಲಿ ಮುರೀತಿದ್ದೋರು ಊರವರು. ಇಲ್ಲಿ ಯಾರು ಬಂದಿದಾರೆ ಮುರಿಯೋಕೆ? ನೀವೊಬ್ಬರೇ!”

ಅವಳು ಬೆಂಚಿನ ಮೇಲೆ ಕೂತೇಬಿಟ್ಟಳು.

“ಈಗ ಹೊಡೀರಿ, ನೋಡೋಣ.”

ಅಷ್ಟರಲ್ಲಿ, ಇದೇ ಅಂಗಡಿಗೆ ಕಾಯಿ ಹಾಕುತ್ತಿದ್ದ ಬೋರಯ್ಯ ಬಂದು ಅವಳ ಪಕ್ಕ ಕೂತ.

“ಏನ್ಲಾ ಇಂದ್ರೇಶ, ಹೆಣ್ಮಗಳ ಮುಂದೆ ಕೊಡಲಿ ಹಿಡ್ಕಂಡು ನಿಂತಿದೀಯ?”

“ಅಂಗಡಿ ಮುಚ್ಚಿದೀನಿ ಬೋರಣ್ಣ.”

“ಗೊತ್ತೈತೆ. ಬಸ್ ಬರಗಂಟ ನಾನು ಇನ್ನೆಲ್ಲಿ ಕೂರ್ಲಿ? ಮತ್ತೆ ತೆಗೆದಾಗ ಹೇಳು, ಕಾಯಿ ತತ್ತೀನಿ.” ಸಿರಿಯತ್ತ ತಿರುಗಿದ. “ನೀನ್ಯಾರವ್ವ?”

ಸಿರಿ ಇಂದ್ರೇಶನನ್ನೇ ನೋಡಿದಳು. ಹೇಳು... ಈಗಲಾದರೂ ಹೇಳು!

“ನಾನು ಮದುವೆ ಆಗೋ ಹುಡುಗಿ ಬೋರಣ್ಣ.” ಅವನು ಕೊಡಲಿ ಕೆಳಗಿಳಿಸಿದ. “ಅವರು ಒಪ್ಪಿದ್ರೆ.”

“ಒಪ್ದೇ ಈ ಮುರುಕು ಬೆಂಚಿನ ಮ್ಯಾಲೆ ಕೂತಾಳೇನ್ಲಾ?”

ಬಸ್ಸಿನ ಹಾರನ್ ಕೇಳಿ ಬೋರಯ್ಯ ಎದ್ದು ನಡೆದ.

ಇಂದ್ರೇಶ್ ಕೊಡಲಿ ಒಳಗಿಟ್ಟು, ಮೊಳೆ ಸುತ್ತಿಗೆ ತಂದು ಅವಳ ಕಾಲ ಬಳಿ ಮಂಡಿಯೂರಿದ.

“ಏಳಬೇಕಾ?” ಅವಳು ಮೆಲ್ಲಗೆ ಕೇಳಿದಳು.

“ಬೇಡ, ಕೂತಿರಿ... ಸ್ವಲ್ಪ ದಿನ ಅಲ್ಲಾಡುತ್ತೆ.”

“ಅಲ್ಲಾಡ್ಲಿ ಬಿಡಿ. ಇಬ್ಬರೂ ಹಿಡ್ಕೊಂಡು ಕೂರೋಣ.”