ಭಟ್ಟಿ ಬೀದಿಯ ಬೆವರುಬಿಲ್ಲೆ

ಬೆವರುಬಿಲ್ಲೆ ಹುಣಸೆಬೀಜದಷ್ಟು ಅಗಲ, ಈರುಳ್ಳಿ ಸಿಪ್ಪೆಯಷ್ಟು ತೆಳು. ಮೊಣಕೈಯ ಒಳಮಗ್ಗುಲಿಗೆ ಅಂಟಿಸಿಕೊಂಡರೆ ಬೆವರಿನಿಂದಲೇ ನಡೆಯುತ್ತಿತ್ತು, ಬ್ಯಾಟರಿ ಬೇಕಿರಲಿಲ್ಲ. ಹೃದಯದ ಸ್ನಾಯು ಸೋಲುವುದಕ್ಕೆ ಕೆಲವು ವಾರ ಮೊದಲು ಒಂದು ಬಗೆಯ ಪ್ರೋಟೀನು ರಕ್ತಕ್ಕೆ ಸೇರುತ್ತದೆ. ಅದರ ಚೂರು ಬೆವರಿನಲ್ಲೂ ಒಸರುತ್ತದೆ. ಒಸರುವುದು ಒಂದೇ ಸಲ, ಕೆಲವೇ ತಾಸು. ಆಮೇಲೆ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಬಿಲ್ಲೆ ಮೈಮೇಲಿದ್ದರೆ, ವಿಶ್ವವಿದ್ಯಾಲಯದ ಪರದೆಯ ಮೇಲೆ ಅವರ ಹೆಸರಿನ ಚುಕ್ಕೆ ಕೆಂಪಾಗುತ್ತಿತ್ತು.

ಆ ಮಂಗಳವಾರ ಮಧ್ಯಾಹ್ನ ಕೆಂಪಾದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಶಂಷಾದ್‌ಬಿಯ ಚುಕ್ಕೆ.

ಬಿಲ್ಲೆಯನ್ನು ಕಂಡುಹಿಡಿದ ಡಾ. ಮೃಣಾಲಿನಿ ಕಮ್ಮಾರ ಮರುದಿನ ತಾನೇ ಹೊರಟಳು. ಕೈಚೀಲದಲ್ಲಿ ಮಾತ್ರೆಗಳಿದ್ದವು. ಸೋಲಲಿರುವ ಹೃದಯವನ್ನು ಅವು ಉಳಿಸುತ್ತಿದ್ದವು, ಗಟ್ಟಿ ಹೃದಯಕ್ಕೆ ಕೊಟ್ಟರೆ ಅದನ್ನೇ ಕೆಡಿಸುತ್ತಿದ್ದವು.

ಭಟ್ಟಿಗಳು ಈಗ ಕರೆಂಟಿನವು. ಹೊಗೆ ಹೋಗಿತ್ತು, ಕಾವು ಹಾಗೇ ಇತ್ತು. ಸಮುದಾಯದ ಆರೋಗ್ಯ ಅಧ್ಯಯನಕ್ಕೆ ಸ್ವಯಂಸೇವಕರು ಬೇಕೆಂದು ಹೋದ ವರ್ಷ ಬೀದಿಯಲ್ಲಿ ಸಾರಿದಾಗ ಕೈ ಎತ್ತಿದವರು ಬಹಳ. ಬಿಲ್ಲೆ ಇದ್ದದ್ದು ಕಡಿಮೆ. ಭಟ್ಟಿಗೊಬ್ಬರಂತೆ ಆರಿಸಿಕೊಂಡಿದ್ದರು.

"ಮಂಗಳವಾರನಾ?" ಶಂಷಾದ್‌ಬಿ ಜರಡಿ ಕೆಳಗಿಟ್ಟಳು. "ನಾನು ಹರಪನಹಳ್ಳಿಗೆ ತಂಗಿ ಮನೆಗೆ ಹೋಗಿದ್ನಲ್ರಿ ಮೇಡಂ."

"ಬಿಲ್ಲೆ?"

"ಅದು ಇಲ್ಲೇ ಇತ್ತು." ಮೂಲೆಯಲ್ಲಿದ್ದ ನೀರಿನ ಗಡಿಗೆಯ ಮುಚ್ಚಳ ತೋರಿಸಿದಳು. "ತಣ್ಣಗಿರ್ತದೆ ಅಂತ ಅದರ ಮೇಲೇ ಅಂಟಿಸಿರ್ತೀವಿ. ಯಾರಿಗೆ ಸುಸ್ತೋ ಅವರು ಹಚ್ಕೊಳ್ಳೋದು."

ಮೃಣಾಲಿನಿ ಮುಚ್ಚಳದ ಹತ್ತಿರ ಬಗ್ಗಿ ನೋಡಿದಳು. "ಅದು ನಿಮ್ಮೊಬ್ಬರಿಗೇ ಅಂತ ಹೇಳಿದ್ದೆವಲ್ಲ."

"ಹೇಳಿದ್ರಿ. ಆದರೆ ಒಬ್ಬಳೇ ಹಚ್ಕೊಂಡು ಮೆರೆದ್ರೆ ಚಂದ ಇರ್ತದೇನ್ರಿ? ಬಾಗಿಲ ಗಾಳೀಗೂ ಸರದಿ ಮೇಲೇ ನಿಲ್ಲೋರು ನಾವು."

"ವಯಸ್ಸಾತು ಅಂತ ನನ್ನ ನೀವು ಬ್ಯಾಡ ಅಂದ್ರಿ," ಎಂದಳು ಹೊನ್ನೂರಮ್ಮ, ಭಟ್ಟಿಯ ಹಿರಿಯಳು. "ಶಂಷಾದಿ ಅನ್ನಲಿಲ್ಲ. ಹಚ್ಕೊಂಡ್ರೆ ಹಗುರ ಅನಿಸ್ತದೆ."

"ಅದು ಔಷಧಿ ಅಲ್ಲಮ್ಮ."

"ಗೊತ್ತೈತೆ ಬಿಡ್ರಿ. ಯಾರೋ ನಮ್ಮನ್ನ ನೋಡ್ತಾ ಅದಾರೆ ಅನಿಸ್ತದಲ್ಲ, ಅಷ್ಟು ಸಾಕು."

ಮೃಣಾಲಿನಿ ಕೈಚೀಲ ತೆರೆದಳು. "ಮಂಗಳವಾರ ಮಧ್ಯಾಹ್ನ ಯಾರ ಮೈಮೇಲಿತ್ತು? ಅವತ್ತು ಯಾರಿಗೆ ಸುಸ್ತಾಗಿತ್ತು?"

"ಯಾರಿಗೆ ಆಗಿರಲಿಲ್ಲ ಅಂತ ಕೇಳ್ರಿ," ಎಂದಳು ನಾಗವೇಣಿ, ಮದುವೆಯಾಗಿ ಬಂದ ಹೊಸಬಳು. ಎಲ್ಲರೂ ನಕ್ಕರು.

ಕೆಂಪು ಚುಕ್ಕೆಯ ಅರ್ಥ ಹೇಳಿದ ಮೇಲೆ ನಗು ನಿಂತಿತು. ನಾನು ಹಚ್ಕೊಂಡು ನಿನಗೆ ಕೊಟ್ಟೆ, ನೀನು ಗಿರಿಜಿಗೆ ಕೊಟ್ಟೆ, ಇಲ್ಲ, ಅದು ಸೋಮವಾರ ಕಣೇ ಎಂದು ಬಹಳ ಹೊತ್ತು ವಾದ ನಡೆಯಿತು. ಊಟದ ಹೊತ್ತಿಗೆ ಬಿಲ್ಲೆ ಕೈಯಿಂದ ಕೈಗೆ ಓಡಾಡಿತ್ತು. ಅದಕ್ಕಿಂತ ಮುಂದೆ ಯಾರ ನೆನಪೂ ಹೋಗಲಿಲ್ಲ. ತಂದಿದ್ದ ಉಪಕರಣದಿಂದ ಮೃಣಾಲಿನಿ ಒಬ್ಬೊಬ್ಬರ ಎದೆ ಪರೀಕ್ಷಿಸಿದಳು. ಏನೂ ಕಾಣದೆಂದು ಅವಳಿಗೆ ಮೊದಲೇ ಗೊತ್ತಿತ್ತು, ಕಾಣಲೂ ಇಲ್ಲ.

ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದಳು. ಸಹೋದ್ಯೋಗಿ ಸಮಾಧಾನದ ದನಿಯಲ್ಲೇ ಹೇಳಿದ: ಮಾಹಿತಿ ಕಲಬೆರಕೆಯಾಗಿದೆ, ಆ ಭಟ್ಟಿಯನ್ನು ಲೆಕ್ಕದಿಂದ ಕೈಬಿಡೋಣ.

"ನನಗೆ ಕೊಡ್ರಿ ಆ ಮಾತ್ರೆ," ಹೊನ್ನೂರಮ್ಮ ಅಂಗೈ ಚಾಚಿದಳು. "ನಾನೇ ಆಗಿದ್ರೆ ಉಳೀತೀನಿ. ಅಲ್ಲ ಅಂದ್ರೆ, ನಂದೇನು, ಆತಲ್ಲ."

ನಾಗವೇಣಿ ಅವಳ ಕೈ ಹಿಡಿದು ಕೆಳಗಿಳಿಸಿದಳು. ಮೃಣಾಲಿನಿ ಚೀಲದ ಬಾಯಿ ಮುಚ್ಚಿದಳು.

"ಸ್ವಲ್ಪ ದಿನ ಕೆಲಸ ನಿಲ್ಲಿಸಿ," ಎಂದಳು.

"ಮನೇಲಿ ಕೂತು ಅದನ್ನೇ ಕಾಯೋದಾ?" ಶಂಷಾದ್‌ಬಿ ಕೇಳಿದಳು. ಜರಡಿ ಎತ್ತಿಕೊಂಡು, "ಇದು ಗೊತ್ತೇ ಆಗದಿದ್ರೆ ಏನಾಗ್ತಿತ್ತು ಮೇಡಂ?"

"ನಿಮ್ಮಲ್ಲಿ ಯಾರೋ ಒಬ್ಬರು ಹೋಗುತ್ತಿದ್ದರು."

"ಈಗ?"

ಒಲೆಗೆ ಮತ್ತೆ ಕರೆಂಟು ಹಾಕಿದರು. ಬಾಣಲೆಯ ಮರಳು ಕಾದಿತು, ಅಕ್ಕಿ ಬಿದ್ದು ಅರಳಿತು. ಮೃಣಾಲಿನಿ ಮೂಟೆಯ ಮೇಲೆ ಕೂತು ನೋಡುತ್ತಿದ್ದಳು. ಹೀಗೆ ಹೃದಯ ಸೋಲಲಿರುವ ಒಬ್ಬಳು ಪ್ರತಿ ಭಟ್ಟಿಯಲ್ಲೂ, ಪ್ರತಿ ಬೀದಿಯಲ್ಲೂ ಯಾವಾಗಲೂ ಇದ್ದೇ ಇದ್ದಳು. ಬಿಲ್ಲೆ ಇಲ್ಲದ ಕಾಲದಲ್ಲೂ ಅವಳು ಸುಸ್ತು ಎಂದು ಹೇಳಿಯೇ ಇದ್ದಳು. ಯಾರು ಎಂದು ತಿರುಗಿ ನೋಡುವ ಅಗತ್ಯ ಮಾತ್ರ ಯಾರಿಗೂ ಬಿದ್ದಿರಲಿಲ್ಲ.

ಇದ್ದಕ್ಕಿದ್ದಂತೆ ನಾಗವೇಣಿ ಬಗ್ಗಿ ನೆಲಕ್ಕೆ ಕೂತಳು. ಎಲ್ಲ ಜರಡಿಗಳೂ ನಿಂತವು. ಮೃಣಾಲಿನಿ ಎದ್ದು ನಿಂತಿದ್ದಳು.

"ಚಪ್ಪಲಿ ಉಂಗುಷ್ಠ ಕಿತ್ತೈತೆ ಕಣ್ರೇ, ನೋಡ್ತಿದ್ದೆ," ಎಂದಳು ನಾಗವೇಣಿ.

ಬಾಣಲೆಯಲ್ಲಿ ಅಕ್ಕಿ ಕಪ್ಪಾಗುತ್ತಿತ್ತು. ಆದರೂ ಸ್ವಲ್ಪ ಹೊತ್ತು ಯಾರೂ ಅವಳ ಮೇಲಿನ ಕಣ್ಣು ತೆಗೆಯಲಿಲ್ಲ.