ಧನ್ಯವಾದ, ತಲುಪಿದೆ

ಬೇಡವೆಂದು ಬಂದ ಉತ್ತರಗಳಿಂದಲೇ ದಪ್ಪಗಾಗಿದ್ದ ಮಧ್ವೇಶನ ಫೈಲನ್ನು ರಾಘಣ್ಣನವರು ಉಳಿದ ಜಾತಕಗಳ ಮೇಲೆ ಹೇರಿದರು. ಸ್ವಾರಗೇಟಿನ ವಧೂವರ ಕೇಂದ್ರ ಅವರದು. “ನಿಂದು ಭಾಳ ವಜ್ಜ ಆಗ್ಯದಪಾ. ಫ್ಯಾನಿನ ಗಾಳಿಗೆ ಉಳದವ್ರು ಹಾರಿಹೋಗಬಾರದು ನೋಡು!” ಕೂತವರೆಲ್ಲ ನಕ್ಕರು. ತಂದೆಯ ಜೊತೆ ಹೆಸರು ಬರೆಸಲು ಬಂದಿದ್ದ ನೀರಜಾ ಮಾತ್ರ ನಗಲಿಲ್ಲ. ಮೂವತ್ತಾರು ದಾಟಿದ ಮಧ್ವೇಶನಿಗೆ ಅಷ್ಟು ಸಾಕಾಯಿತು.

ಅದು 2008. ಯೆರವಡಾದ ಕಂಪನಿಯೊಂದರಲ್ಲಿ ಅವನು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ. “ಕೇಂದ್ರಕ್ಕ ವೆಬ್‌ಸೈಟ್ ಮಾಡಿಕೊಡ್ತೀನ್ರಿ, ಪುಕ್ಕಟ,” ಎಂದ.

“ರಾಯರ ಸೇವಾ ಮಾಡಿದ್ಹಂಗಪಾ!” ರಾಘಣ್ಣ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಸೇವೆಯನ್ನು ಅವನು ಶ್ರದ್ಧೆಯಿಂದಲೇ ಮಾಡಿದ. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಎಂಬ ಚೌಕಟ್ಟು ಅಚ್ಚುಕಟ್ಟಾದದ್ದು. ಒಪ್ಪಿದ ಹುಡುಗಿಯ ನೋಂದಣಿ ಸಂಖ್ಯೆ ಹಾಕಿ ಯಾರೇ ಫಾರ್ಮ್ ತುಂಬಿ ಒತ್ತಲಿ, ಗೋತ್ರ ನಕ್ಷತ್ರಗಳೆಲ್ಲ ಸರಿಯಾಗಿ ತುಂಬಿವೆಯೇ ಎಂದು ತಾನೇ ನೋಡುತ್ತದೆ. ಆಮೇಲೆ ‘ಸೇವ್’ ಎಂಬ ಆಜ್ಞೆ ಕೊಟ್ಟರೆ ಮಾತ್ರ ಅದು ಉಳಿಯುತ್ತದೆ, ಇಲ್ಲವಾದರೆ ಗಾಳಿಗೆ ಹಾರಿದ ಜಾತಕ. ಆ ಆಜ್ಞೆಯ ಮುಂದೆ ಮಧ್ವೇಶ ಒಂದು ಕಾವಲು ಕೂಡಿಸಿದ. ನೀರಜಾಳ ನೋಂದಣಿ ಸಂಖ್ಯೆ ಇರುವ ಫಾರ್ಮನ್ನು ಮಧ್ವೇಶ ಕಳಿಸಿದ್ದರೆ ಉಳಿಸು. ಬೇರೆ ಯಾರೇ ಕಳಿಸಿರಲಿ, ಬಿಟ್ಟುಬಿಡು. ತೆರೆಯ ಮೇಲೆ ಮಾತ್ರ ಎಲ್ಲರಿಗೂ ಒಂದೇ ಮರ್ಯಾದೆ: ‘ಧನ್ಯವಾದ, ತಲುಪಿದೆ.’ ಯಾರನ್ನೂ ಬೈದದ್ದಿಲ್ಲ, ಯಾರ ಜಾತಕವನ್ನೂ ಹರಿದದ್ದಿಲ್ಲ. ಪಾಪ ಎಲ್ಲಿಂದ ಬಂತು? ರಾಯರ ಪಟಕ್ಕೆ ಕೈಮುಗಿದು ಮೊದಲ ಫಾರ್ಮನ್ನು ತಾನೇ ಕಳಿಸಿದ. ಉಳಿಯಿತು.

ಉಳಿದ ವರರು ಧನ್ಯವಾದ ಪಡೆದು ಕಾಯುತ್ತ ಕೂತರು. ರಾಘಣ್ಣ ತೆರೆ ನೋಡಿ ಬೆರಗಾದರು. “ಅಂಥಾ ಹುಡುಗಿಗೆ ನಿಂದೊಂದ ಬಂದದಲ್ಲೋ! ಅವರಿಗೆ ತಿಳಿಸೇನಿ. ಇನ್ನ ಉತ್ತರ ಅಷ್ಟ ಬರಬೇಕು.”

ಮಧ್ವೇಶ ಲಕ್ಷ್ಮಿ ರಸ್ತೆಯಲ್ಲಿ ಇಳಕಲ್ಲ ಸೀರೆಯೊಂದನ್ನು ತೆಗೆದಿರಿಸಿದ. ಉತ್ತರ ಬರಲಿಲ್ಲ. ನಾಚಿಕೆಯ ಹುಡುಗಿ, ಅವಸರ ಮಾಡಬಾರದು ಎಂದುಕೊಂಡ.

ಶ್ರಾವಣದಲ್ಲಿ ನೀರಜಾ ಕೇಂದ್ರಕ್ಕೆ ಬಂದಳು, ಕೈಯಲ್ಲಿ ಲಗ್ನಪತ್ರಿಕೆ. ವರ ಬಾರಾಮತಿಯ ಸಕ್ಕರೆ ಕಾರ್ಖಾನೆಯವನು. “ಅವರೂ ಫಾರ್ಮ್ ಕಳಿಸಿದ್ರಂತ. ಉತ್ತರ ಕಾಣದ, ಅವರಿವರನ್ನ ಕೇಳ್ಕೋತ ಮನೀಗೇ ಬಂದ್ರು,” ಎಂದು ನಕ್ಕಳು.

ಆಮೇಲೆ ಅಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದ ಮಧ್ವೇಶನ ಕಡೆ ತಿರುಗಿ ದನಿ ತಗ್ಗಿಸಿದಳು. “ನೀವು ಭಾಳ ಬಿಗಿ ಬಿಡ್ರಿ. ವಲ್ಲೆ ಅಂತನಾದ್ರೂ ಹೇಳಬಾರದೇನ್ರಿ? ರಾಘಣ್ಣನವರು ತಿಳಿಸಿದಾಗ, ನೀವು ನನಗ ಒಪ್ಪಿಗಿ ಅಂತ ನಾ ಅವತ್ತೇ ಒತ್ತಿದ್ದೆ. ‘ಧನ್ಯವಾದ, ತಲುಪಿದೆ’ ಅಂತ ಬಂತು. ಆಷಾಢ ಪೂರಾ ಕಾದೆ.” ಹೆಣ್ಣಿನ ಉತ್ತರವೂ ಅದೇ ಫಾರ್ಮಿನಲ್ಲಿ ಬರುವಂತೆ ಮಾಡಿದವನು ಮಧ್ವೇಶನೇ. ಅದರ ಮೇಲೆ ನೀರಜಾಳ ಸಂಖ್ಯೆ ಇತ್ತು, ಕಳಿಸಿದವಳು ಮಧ್ವೇಶನಾಗಿರಲಿಲ್ಲ.